ಆಯ್ಕೆಯಾದವರ ಆತಂಕ: ಪ್ಯೂರಿಟನ್ನರ ಪೂರ್ವನಿರ್ಣಯ ತತ್ತ್ವ

ಯಾರಿಗೆ ಮುಕ್ತಿ, ಯಾರಿಗೆ ನರಕ ಎಂಬುದನ್ನು ದೇವರು ಸೃಷ್ಟಿಗೂ ಮೊದಲೇ ತೀರ್ಮಾನಿಸಿಬಿಟ್ಟಿದ್ದಾನೆ ಎಂಬುದೇ ಪೂರ್ವನಿರ್ಣಯದ ತಿರುಳು. 16ನೆಯ ಶತಮಾನದಲ್ಲಿ ಜಿನೀವಾದಲ್ಲಿದ್ದ ಧರ್ಮಸುಧಾರಕ ಜಾನ್ ಕ್ಯಾಲ್ವಿನ್ ಇದನ್ನು ಯಾವ ರಿಯಾಯಿತಿಯೂ ಇಲ್ಲದೆ ಮಂಡಿಸಿದ. ಇಂಗ್ಲೆಂಡಿನ ಚರ್ಚಿನಲ್ಲಿ ಉಳಿದುಕೊಂಡಿದ್ದ ಕ್ಯಾಥೊಲಿಕ್ ಆಚರಣೆಗಳನ್ನು ತೊಳೆದುಹಾಕಬೇಕೆಂದು ಹಟ ಹಿಡಿದಿದ್ದ ಪ್ಯೂರಿಟನ್ನರು ಅದನ್ನು ಒಪ್ಪಿಕೊಂಡರು. 1630ರಲ್ಲಿ ಜಾನ್ ವಿಂತ್ರಾಪ್‌ನ ಮುಂದಾಳತನದಲ್ಲಿ ಅವರ ದೊಡ್ಡ ಗುಂಪೊಂದು ಅಟ್ಲಾಂಟಿಕ್ ದಾಟಿ ಮ್ಯಾಸಚೂಸೆಟ್ಸ್‌ನಲ್ಲಿ ನೆಲೆಯೂರಿತು. ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 20,000 ಮಂದಿ ನ್ಯೂ ಇಂಗ್ಲೆಂಡಿಗೆ ಬಂದರು.

ಈ ಪೂರ್ವನಿರ್ಣಯವನ್ನು ನಮ್ಮ ಹಣೆಬರಹ ಅಥವಾ ಕರ್ಮಫಲದ ಇನ್ನೊಂದು ರೂಪ ಎಂದು ತಿಳಿದರೆ ತಪ್ಪಾದೀತು. ಕರ್ಮದ ಲೆಕ್ಕದಲ್ಲಿ ಮಾಡಿದವನಿಗೆ ಮಾಡಿದ್ದು ಸಿಗುತ್ತದೆ, ತಡವಾದರೂ ಸಿಗುತ್ತದೆ. ಕ್ಯಾಲ್ವಿನ್‌ನ ಲೆಕ್ಕದಲ್ಲಿ ಮನುಷ್ಯ ಮಾಡಿದ್ದಕ್ಕೆ ಬೆಲೆಯೇ ಇಲ್ಲ. ಆದಾಮನ ಪಾಪದಿಂದ ಮನುಷ್ಯಕುಲವೆಲ್ಲ ಕೆಟ್ಟಿದೆ. ದಾನ, ವ್ರತ, ಪ್ರಾರ್ಥನೆ ಯಾವುದರಿಂದಲೂ ಮುಕ್ತಿಯನ್ನು ಸಂಪಾದಿಸಲಾಗದು. ಕೆಲವರನ್ನು ದೇವರು ತನ್ನ ಕೃಪೆಯಿಂದ ಆರಿಸಿಕೊಂಡಿದ್ದಾನೆ, ಅಷ್ಟೆ. ಏಕೆ ಆ ಕೆಲವರನ್ನೇ ಎಂದು ಕೇಳುವ ಅಧಿಕಾರ ಯಾರಿಗೂ ಇಲ್ಲ.

ಎಲ್ಲವೂ ಮೊದಲೇ ನಿಶ್ಚಯವಾಗಿದ್ದರೆ ನೆಟ್ಟಗೆ ಬಾಳುವುದಾದರೂ ಏಕೆ? ಈ ತತ್ತ್ವ ಜನರನ್ನು ಸೋಮಾರಿಗಳನ್ನಾಗಿಯೋ ಸ್ವೇಚ್ಛಾಚಾರಿಗಳನ್ನಾಗಿಯೋ ಮಾಡಬೇಕಿತ್ತು. ಆದದ್ದು ಪೂರ್ತಿ ತಿರುಗುಮುರುಗು. ಸದಾಚಾರ ಮುಕ್ತಿಗೆ ಕಾರಣವಲ್ಲದಿದ್ದರೂ ಆಯ್ಕೆಯ ಲಕ್ಷಣವಾಗಬಲ್ಲದು ಎಂದು ಪ್ಯೂರಿಟನ್ ಬೋಧಕರು ಕಲಿಸಿದರು: ಕೃಪೆ ಇಳಿದ ಮನಸ್ಸು ತಾನಾಗಿಯೇ ಒಳಿತಿನ ಕಡೆ ತಿರುಗುತ್ತದೆ. ಹಾಗಾಗಿ ಪ್ರತಿಯೊಬ್ಬರೂ ಆ ಲಕ್ಷಣಕ್ಕಾಗಿ ತಮ್ಮನ್ನೇ ಜಾಲಾಡತೊಡಗಿದರು. ಕವಿಯೂ ಪಾದ್ರಿಯೂ ಆಗಿದ್ದ ಮೈಕಲ್ ವಿಗಲ್ಸ್‌ವರ್ತ್‌ನ ದಿನಚರಿಯ ತುಂಬ ಇಂಥ ಆತ್ಮಶೋಧನೆಯೇ. ತನಗೆ ಕೃಪೆ ಸಿಕ್ಕಿದೆಯೆಂದು ಪೂರ್ತಿ ನೆಮ್ಮದಿಯಿಂದಿರುವುದೇ ಅಪಾಯದ ಸೂಚನೆ ಎಂದು ಅವರು ತಿಳಿದಿದ್ದರಿಂದ ಈ ಹುಡುಕಾಟಕ್ಕೆ ಕೊನೆಯೂ ಇರಲಿಲ್ಲ.

ವೈಯಕ್ತಿಕವಾದ ಈ ಆತಂಕ ಊರಿನ ಕಟ್ಟಳೆಯಾಗಿ ಮಾರ್ಪಟ್ಟದ್ದು ಒಡಂಬಡಿಕೆಯ ಕಲ್ಪನೆಯಿಂದ. ತಾವೆಲ್ಲ ಸಮುದಾಯವಾಗಿ ದೇವರೊಡನೆ ಒಪ್ಪಂದ ಮಾಡಿಕೊಂಡಿದ್ದೇವೆ, ಅದನ್ನು ಮುರಿದರೆ ಶಿಕ್ಷೆ ಇಡೀ ವಸಾಹತಿಗೆ ಎಂದು ವಿಂತ್ರಾಪ್ ತನ್ನ ಹೆಸರಾಂತ ಪ್ರಸಂಗದಲ್ಲಿ ಹೇಳಿದ್ದ. ಒಬ್ಬನ ಕುಡಿತ ಊರಿಗೇ ಬರ ತರಬಹುದು ಎಂದಾದ ಮೇಲೆ ನೆರೆಮನೆಯ ಮೇಲೆ ಕಣ್ಣಿಡುವುದೂ ಧರ್ಮವೇ. ಚರ್ಚಿನ ಪೂರ್ಣ ಸದಸ್ಯತ್ವ ಬೇಕಾದವರು ಕೃಪೆ ತಮ್ಮೊಳಗೆ ಕೆಲಸಮಾಡಿದ ಬಗೆಯನ್ನು ವಿವರಿಸಿ ಒಪ್ಪಿಸಬೇಕಿತ್ತು. 1631ರಿಂದ ಮ್ಯಾಸಚೂಸೆಟ್ಸ್‌ನಲ್ಲಿ ಮತದ ಹಕ್ಕೂ ಸದಸ್ಯರಾದ ಗಂಡಸರಿಗೆ ಮಾತ್ರ.

ದಿನದ ಬದುಕಿನ ಮೂಲೆಮೂಲೆಗೂ ಈ ಶಿಸ್ತು ಹರಡಿತ್ತು. ವಾರದ ವಿಶ್ರಾಂತಿ-ಆರಾಧನೆಯ ದಿನವಾದ ಸಬ್ಬತ್ ಶನಿವಾರದ ಸೂರ್ಯಾಸ್ತಕ್ಕೇ ಶುರು. ಭಾನುವಾರ ಬೆಳಗ್ಗೆಯೊಂದು, ಮಧ್ಯಾಹ್ನವೊಂದು ದೀರ್ಘ ಪ್ರಸಂಗ. ಬೈಬಲಿನಲ್ಲಿ ಆಧಾರವಿಲ್ಲವೆಂದು ಕ್ರಿಸ್ಮಸ್ಸನ್ನೂ ಕೈಬಿಟ್ಟರು. 1659ರ ಕಾನೂನಿನಂತೆ ಅದನ್ನು ಆಚರಿಸಿದವರಿಗೆ 5 ಶಿಲ್ಲಿಂಗ್ ದಂಡವಿತ್ತು, 1681ರಲ್ಲಿ ಅದು ರದ್ದಾಯಿತು. ಮದುವೆ ಅವರಿಗೆ ಸಂಸ್ಕಾರವಲ್ಲ, ನ್ಯಾಯಾಧಿಕಾರಿಯ ಮುಂದೆ ನಡೆಯುವ ಕರಾರು. ಆದ್ದರಿಂದ ವಿಚ್ಛೇದನಕ್ಕೂ ಅವಕಾಶವಿತ್ತು. ದೇವರ ಮಾತನ್ನು ಪ್ರತಿಯೊಬ್ಬರೂ ಸ್ವತಃ ಓದಬೇಕಾದ್ದರಿಂದ, 50 ಮನೆಗಳಿರುವ ಊರು ಓದುಬರಹ ಕಲಿಸುವವನೊಬ್ಬನನ್ನು ನೇಮಿಸಲೇಬೇಕೆಂದು 1647ರಲ್ಲಿ ಕಾನೂನಾಯಿತು. ಹಾರ್ವರ್ಡ್ ಅದಕ್ಕೂ ಮೊದಲೇ, 1636ರಲ್ಲಿ ಸ್ಥಾಪನೆಯಾಗಿತ್ತು. ಸದಾ ಕಪ್ಪುಡುಗೆ ತೊಟ್ಟು ಮುಖ ಬಿಗಿದುಕೊಂಡಿದ್ದವರೆಂಬ ಚಿತ್ರ ಮಾತ್ರ ನಂತರದವರ ಸೃಷ್ಟಿ. ಬಣ್ಣದ ಬಟ್ಟೆಯನ್ನೂ ಊಟದ ಜೊತೆಗಿನ ಬಿಯರನ್ನೂ ಅವರು ಬಿಟ್ಟವರಲ್ಲ.

ಪ್ಯೂರಿಟನ್ನರ ಪಾಲಿಗೆ ಹೊಲ ಉಳುವುದೂ ಚಪ್ಪಲಿ ಹೊಲಿಯುವುದೂ ದೇವರು ಕರೆದು ಒಪ್ಪಿಸಿದ ಕಾಯಕವೇ, ಹೊತ್ತು ಕಳೆಯುವುದು ಪಾಪ. ಬಂಡವಾಳಶಾಹಿಯ ಮನೋಧರ್ಮಕ್ಕೆ ಇಲ್ಲಿ ಬೇರಿದೆ ಎಂದು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 20ನೆಯ ಶತಮಾನದ ಆರಂಭದಲ್ಲಿ ವಾದಿಸಿದ. ವಾದ ಆಕರ್ಷಕ, ಆದರೆ ಅರ್ಧಸತ್ಯ. ಬಾಸ್ಟನ್ನಿನ ವರ್ತಕ ರಾಬರ್ಟ್ ಕೀನ್ ಅತಿಲಾಭ ಹೊಡೆದನೆಂದು 1639ರಲ್ಲಿ ಇದೇ ಪ್ಯೂರಿಟನ್ನರ ನ್ಯಾಯಾಲಯ ದಂಡ ಹಾಕಿತ್ತು.

ತತ್ತ್ವದೊಳಗಿನ ಬಿರುಕನ್ನು ಎಲ್ಲರಿಗಿಂತ ಚೆನ್ನಾಗಿ ಗುರುತಿಸಿದವಳು ಆನ್ ಹಚಿನ್ಸನ್. ಬಾಸ್ಟನ್ನಿನ ತನ್ನ ಮನೆಯಲ್ಲಿ ಆಕೆ ಧರ್ಮಚರ್ಚೆ ನಡೆಸುತ್ತಿದ್ದಳು. ನಡತೆಯನ್ನು ಕೃಪೆಯ ಪುರಾವೆಯೆಂದು ಎಣಿಸಿದರೆ, ಸತ್ಕಾರ್ಯದಿಂದಲೇ ಮುಕ್ತಿ ಎಂಬ ಹಳೆಯ ಬೋಧನೆ ಹಿಂಬಾಗಿಲಿಂದ ಒಳಬಂದಂತೆ ಎಂಬುದು ಆಕೆಯ ಆಕ್ಷೇಪದ ಸಾರ. ತರ್ಕ ಆಕೆಯ ಕಡೆಗಿತ್ತು. ಆದರೆ ಅದನ್ನು ಒಪ್ಪಿದ್ದರೆ ಪಾದ್ರಿಗಳ ಅಧಿಕಾರಕ್ಕೂ ಊರಿನ ಶಿಸ್ತಿಗೂ ನೆಲೆ ಉಳಿಯುತ್ತಿರಲಿಲ್ಲ. 1637ರಲ್ಲಿ ವಿಚಾರಣೆ ನಡೆದು ಆಕೆಗೆ ಗಡೀಪಾರಾಯಿತು. ಮರುವರ್ಷ ರೋಡ್ ಐಲೆಂಡ್ ಸೇರಿದಳು.

ಮುಂದಿನ ತಲೆಮಾರಿನ ಅನೇಕರಿಗೆ ಹೇಳಿಕೊಳ್ಳುವಂಥ ಕೃಪೆಯ ಅನುಭವವೇ ಆಗಲಿಲ್ಲ. ಅಂಥವರ ಮಕ್ಕಳಿಗೂ ದೀಕ್ಷಾಸ್ನಾನ ಕೊಡಬಹುದೆಂದು 1662ರಲ್ಲಿ ಪಾದ್ರಿಗಳ ಸಭೆ ಒಪ್ಪಿತು. ಅದಕ್ಕೆ ಅರ್ಧ ಒಡಂಬಡಿಕೆ ಎಂದು ಹೆಸರಾಯಿತು. ಇಂಗ್ಲೆಂಡಿನ ಅರಸೊತ್ತಿಗೆ 1691ರಲ್ಲಿ ಕೊಟ್ಟ ಹೊಸ ಸನದಿನಲ್ಲಿ ಮತದ ಹಕ್ಕಿಗೆ ಚರ್ಚಿನ ಸದಸ್ಯತ್ವದ ಬದಲು ಆಸ್ತಿಯೇ ಅರ್ಹತೆಯಾಯಿತು.