ಆಪ್ತರ ಮಾತು, ಅಂತೆಯ ಮಾತು

ಸುಳ್ಳು ಹೇಳದೆ ಇದ್ದರೆ ಪ್ರಾಮಾಣಿಕರಾದಂತೆಯೇ? ಮನೆಯಲ್ಲೂ ಶಾಲೆಯಲ್ಲೂ ನಮಗೆ ಕಲಿಸಿದ್ದು ಬಹುಮಟ್ಟಿಗೆ ಅಷ್ಟೇ. ಆದರೆ ತಾವು ನಿಜವನ್ನೇ ಹೇಳುತ್ತಿದ್ದೇವೆ ಎಂದು ನಂಬಿದ ಜನರೇ ಸೇರಿ ಒಬ್ಬ ಅಮಾಯಕನ ಪ್ರಾಣ ತೆಗೆಯಬಹುದು. ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಇದನ್ನು ಮರೆಯುವಂತಿಲ್ಲ. ಹಾಗೆ ಸತ್ತವನು ಈ ಊರಿನವನು, ಸತ್ತದ್ದು ನಮ್ಮ ನಾಡಿನಲ್ಲಿ.

2018ರ ಜುಲೈ 13ರಂದು ಹೈದರಾಬಾದಿನ ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರ್ ಗೆಳೆಯರ ಜೊತೆ ಕಾರಿನಲ್ಲಿ ಬೀದರ್ ಜಿಲ್ಲೆಗೆ ಹೋಗಿದ್ದ. ಅವರಲ್ಲೊಬ್ಬರು ಕತಾರಿನಿಂದ ಬಂದವರು. ದಾರಿಯಲ್ಲಿ ಹಳ್ಳಿಯ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ನೋಡಿದವರಿಗೆ ಅನುಮಾನ ಬಂತು, ಮಾತಿಗೆ ಮಾತು ಬೆಳೆಯಿತು, ಹೆದರಿದ ಗೆಳೆಯರು ಕಾರು ಹತ್ತಿ ಹೊರಟರು. ಮಕ್ಕಳ ಕಳ್ಳರು ಬರುತ್ತಿದ್ದಾರೆಂಬ ಸುದ್ದಿ ವಾಟ್ಸ್‌ಆ್ಯಪ್ ಗುಂಪಿನ ಮೂಲಕ ಅವರಿಗಿಂತ ಮೊದಲೇ ಮುಂದಿನ ಊರು ಮುಟ್ಟಿತ್ತು. ಔರಾದ್ ತಾಲ್ಲೂಕಿನ ಮುರ್ಕಿಯ ಬಳಿ ಕಾರು ಅಪಘಾತಕ್ಕೀಡಾಯಿತು. ಜನ ಮುಗಿಬಿದ್ದರು. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಎಂಜಿನಿಯರ್ ಬದುಕಲಿಲ್ಲ. ಆಮೇಲೆ ಬಂಧಿತರಾದವರಲ್ಲಿ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಕೂಡ ಇದ್ದ.

ಇದು ಒಂಟಿ ಘಟನೆಯಲ್ಲ. ಅದೇ ವರ್ಷ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬ, ಕೆಲವೇ ದಿನಗಳ ನಂತರ ನಮ್ಮ ಹೈದರಾಬಾದಿನ ಚಾಂದ್ರಾಯಣಗುಟ್ಟದಲ್ಲಿ ಒಬ್ಬ ಲಿಂಗಪರಿವರ್ತಿತ ಮಹಿಳೆ, ಜುಲೈ 1ರಂದು ಮಹಾರಾಷ್ಟ್ರದ ರೈನ್‌ಪಾಡಾದಲ್ಲಿ ಐದು ಜನ, ಎಲ್ಲರೂ ಇದೇ ಅನುಮಾನಕ್ಕೆ ಬಲಿಯಾದರು. ಆ ದಿನಗಳಲ್ಲಿ ಹರಿದಾಡಿದ ಒಂದು ವಿಡಿಯೊ ನಿಮಗೂ ಬಂದಿರಬಹುದು: ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯ ಒಂದು ಸಂಸ್ಥೆ ಮಕ್ಕಳ ಸುರಕ್ಷತೆಗಾಗಿ ಮಾಡಿಸಿದ ಜಾಗೃತಿ ಚಿತ್ರ. ಮೂಲದಲ್ಲಿ ಬೈಕಿನವರು ಮಗುವನ್ನು ವಾಪಸು ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗ ಕತ್ತರಿಸಿದರು. ಮಕ್ಕಳನ್ನು ಕಾಪಾಡಲು ಮಾಡಿದ ಚಿತ್ರವೇ ಕೊಲೆಗೆ ಕಾರಣವಾಗುವ ಭಯವನ್ನು ಹಬ್ಬಿಸಿತು.

ಕತ್ತರಿಸಿದವನು ಮೋಸಗಾರ ಎನ್ನೋಣ. ಅದನ್ನು ಮುಂದಕ್ಕೆ ಕಳಿಸಿದ ಸಾವಿರಾರು ಜನರನ್ನು ಏನೆನ್ನಬೇಕು? ಅವರಲ್ಲಿ ತಾಯಂದಿರಿದ್ದರು, ಮೇಷ್ಟ್ರುಗಳಿದ್ದರು. ಅವರಿಗೆ ನಿಜಕ್ಕೂ ಭಯವಾಗಿತ್ತು, ಕಾಳಜಿಯೂ ಇತ್ತು. ಅವರು ಸುಳ್ಳುಗಾರರಲ್ಲ. ಆದರೆ ಅದೊಂದರಿಂದಲೇ ಅವರ ಹೊಣೆ ಕಳೆಯುವುದಿಲ್ಲ. ಇಂಗ್ಲೆಂಡಿನ ಗಣಿತಜ್ಞ ಡಬ್ಲ್ಯು.ಕೆ. ಕ್ಲಿಫರ್ಡ್ 1877ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಬ್ಬ ಹಡಗಿನ ಮಾಲೀಕ ಬರುತ್ತಾನೆ. ಹಡಗು ಹಳೆಯದೆಂದು ಅನುಮಾನ ಬಂದರೂ ಪರೀಕ್ಷೆ ಮಾಡಿಸದೆ, ಏನೂ ಆಗದೆಂದು ಮನಸಾರೆ ನಂಬಿ ಜನರನ್ನು ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಅವನ ನಂಬಿಕೆ ಪ್ರಾಮಾಣಿಕವೇ, ಆದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ ಎನ್ನುತ್ತಾನೆ ಕ್ಲಿಫರ್ಡ್. ಹಡಗು ದಡ ಸೇರಿದ್ದರೂ ಅವನ ತಪ್ಪು ತಪ್ಪೇ.

ಈ ಪ್ರಶ್ನೆಯನ್ನು ನಮ್ಮಲ್ಲೂ ಕೇಳಿಕೊಂಡಿದ್ದರು. ನ್ಯಾಯದರ್ಶನದಲ್ಲಿ ಶಬ್ದವೂ, ಅಂದರೆ ಬೇರೆಯವರ ಮಾತೂ, ಜ್ಞಾನಕ್ಕೆ ಒಂದು ಪ್ರಮಾಣ. ಆದರೆ ಎಲ್ಲರ ಮಾತೂ ಅಲ್ಲ, ಆಪ್ತನ ಮಾತು ಮಾತ್ರ. ಆಪ್ತ ಯಾರು? ಭಾಷ್ಯಕಾರ ವಾತ್ಸ್ಯಾಯನ ಕೊಡುವ ಉತ್ತರದ ಸಾರ ಇದು: ವಿಷಯವನ್ನು ತಾನೇ ಕಂಡು ತಿಳಿದವನು, ಕಂಡದ್ದನ್ನು ಕಂಡ ಹಾಗೆ ತಿಳಿಸುವ ಮನಸ್ಸುಳ್ಳವನು. ಋಷಿಯಾಗಲಿ, ಆರ್ಯನಾಗಲಿ, ಮ್ಲೇಚ್ಛನಾಗಲಿ, ಲಕ್ಷಣ ಒಂದೇ.

ಕನ್ನಡಕ್ಕೆ ಬರುವಾಗ ಆ ಪದದ ಅರ್ಥ ಪಕ್ಕಕ್ಕೆ ಸರಿದಿದೆ. ನಮಗೆ ಆಪ್ತರೆಂದರೆ ಹತ್ತಿರದವರು, ಬೇಕಾದವರು. ಗೊಂದಲ ಹುಟ್ಟುವುದು ಇಲ್ಲೇ. ಹತ್ತಿರದವರಾದ ಮಾತ್ರಕ್ಕೆ ಕಂಡವರೆಂದು ಭಾವಿಸುತ್ತೇವೆ. ಸೋದರಮಾವ ಕಳಿಸಿದ ಸುದ್ದಿಯನ್ನು ಸೋದರಮಾವನೇ ಕಂಡ ಸುದ್ದಿ ಎಂದುಕೊಳ್ಳುತ್ತೇವೆ. ಪ್ರೀತಿ ಅವರದು ನಿಜ, ಸುದ್ದಿ ಯಾರದೋ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಎಲ್ಲವನ್ನೂ ಪರೀಕ್ಷಿಸುತ್ತ ಕೂತರೆ ಬದುಕು ಸಾಗುತ್ತದೆಯೇ? ಪರಊರಿಗೆ ಬಂದ ನಮಗಂತೂ ಸಾಧ್ಯವಿಲ್ಲ. ರೂಮು ಸಿಕ್ಕಿದ್ದು ಊರಿನವರೊಬ್ಬರ ಮಾತಿನಿಂದ, ಕೆಲಸ ಸಿಕ್ಕಿದ್ದು ಸೀನಿಯರ್ ಒಬ್ಬರ ರೆಫರೆನ್ಸಿನಿಂದ, ಆಸ್ಪತ್ರೆಯಲ್ಲಿ ರಕ್ತ ಬೇಕಾದಾಗ ಓಡಿ ಬಂದವರು ಮುಖ ನೋಡದವರು. ಮಗುವಿಗೆ ಅಪಾಯ ಎಂಬ ಸುದ್ದಿ ಬಂದಾಗ ತನಿಖೆ ಮಾಡಿ ತಿಳಿಸುತ್ತೇನೆ ಎನ್ನಲಾಗುತ್ತದೆಯೇ? ನಿಜವಾಗಿದ್ದರೆ?

ಈ ಆಕ್ಷೇಪದಲ್ಲಿ ತೂಕವಿದೆ. ಆದರೆ ತನಿಖೆ ಮಾಡಲಾಗದವರಿಗೂ ಒಂದು ಕೆಲಸ ಸಾಧ್ಯ. ತಾನು ಕಂಡದ್ದೆಷ್ಟು, ಕೇಳಿದ್ದೆಷ್ಟು ಎಂದು ಬಿಡಿಸಿ ಹೇಳಬಹುದು. ಅದಕ್ಕೆ ನಮ್ಮ ಭಾಷೆಯಲ್ಲೇ ಅನುಕೂಲವಿದೆ. ‘ಬಂದಿದ್ದಾರೆ’ ಅಂದರೆ ನಾನು ಬಲ್ಲೆ. ‘ಬಂದಿದ್ದಾರಂತೆ’ ಅಂದರೆ ಕೇಳಿಬಲ್ಲೆ ಅಷ್ಟೇ. ತೆಲುಗಿನವರಿಗೆ ‘ಅಟ’ ಇದೆ, ಹೈದರಾಬಾದಿನ ದಖ್ಖನಿಯಲ್ಲಿ ‘ಕತೆ’ ಇದೆ. ಓದುಬರಹ ಬಾರದ ಅಜ್ಜಿಯೂ ಈ ವ್ಯತ್ಯಾಸ ತಪ್ಪದೆ ಪಾಲಿಸುತ್ತಾಳೆ. ಸುದ್ದಿಯನ್ನು ಬಾಯಿಂದ ಹೇಳುವಾಗ ‘ಅಂತೆ’ ತಾನಾಗಿ ಬರುತ್ತದೆ. ಇದ್ದ ಹಾಗೇ ಫಾರ್ವರ್ಡ್ ಮಾಡಿದರೆ ಬರುವುದಿಲ್ಲ. ನೂರನೆಯವನ ಕೈಯಲ್ಲೂ ಅದು ‘ಬಂದಿದ್ದಾರೆ’ ಎಂದೇ ಉಳಿಯುತ್ತದೆ.

ವಾಟ್ಸ್‌ಆ್ಯಪ್‌ನವರು 2018ರ ಜುಲೈ 10ರಂದು, ಮುರ್ಕಿಯ ಘಟನೆಗೆ ಮೂರೇ ದಿನ ಮೊದಲು, ಫಾರ್ವರ್ಡ್ ಆದ ಸಂದೇಶಕ್ಕೆ ಹಾಗೆಂದು ಗುರುತು ಹಾಕಲು ಶುರುಮಾಡಿದರು. ಅದು ಯಂತ್ರ ಹಾಕಿದ ‘ಅಂತೆ’. ಅದೇ ತಿಂಗಳು, ಒಂದು ಸಂದೇಶವನ್ನು ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದೆಂಬ ಮಿತಿಯನ್ನೂ ಪ್ರಕಟಿಸಿದರು. ಒಳ್ಳೆಯದೇ. ಆದರೆ ಗುರುತು ಇದ್ದೂ ನಾವು ಅದನ್ನು ಓದದಿದ್ದರೆ ಏನು ಫಲ?

‘ಅಂತೆ’ ಒಂದೇ ಸಾಲದು ಎಂಬುದೂ ನಿಜ. ಅಂತೆಕಂತೆಗಳಲ್ಲೇ ಕಾಲ ಕಳೆಯುವವರನ್ನು ನಾವು ನೋಡಿಲ್ಲವೇ? ‘ನಾನೇನು ಹೇಳಲಿಲ್ಲಪ್ಪ, ಹಾಗಂತೆ ಅಂದೆ ಅಷ್ಟೇ’ ಎಂದು ಜಾರಿಕೊಳ್ಳಲು ಅದು ದಾರಿಯೂ ಹೌದು. ಆದ್ದರಿಂದ ‘ಅಂತೆ’ ಅಂದವರು ಮುಂದಿನ ಪ್ರಶ್ನೆಗೂ ನಿಲ್ಲಬೇಕು: ಯಾರು ಹೇಳಿದರು? ಸುದ್ದಿ ತಪ್ಪೆಂದು ಗೊತ್ತಾದರೆ, ಎಷ್ಟು ಜನಕ್ಕೆ ಮುಟ್ಟಿಸಿದ್ದರೋ ಅಷ್ಟೂ ಜನಕ್ಕೆ ತಿದ್ದುಪಡಿ ಮುಟ್ಟಿಸಬೇಕು. ಸದ್ದಿಲ್ಲದೆ ಡಿಲೀಟ್ ಮಾಡಿದರೆ ತಮ್ಮ ಮುಜುಗರ ತಪ್ಪೀತು, ಕೇಳಿದವರ ಮನಸ್ಸಿನಲ್ಲಿ ಕೂತ ಸುಳ್ಳು ಹೋಗದು.

ಗದ್ವಾಲದಲ್ಲಿ ಅದೇ 2018ರಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬೇಕು. ರಾಯಚೂರಿಗೆ ಹೊಂದಿಕೊಂಡ ಆ ಜಿಲ್ಲೆಯಲ್ಲೂ ಮಕ್ಕಳ ಕಳ್ಳರ ವದಂತಿ ಹಬ್ಬಿತ್ತು. ಆಗ ಎಸ್‌ಪಿ ಆಗಿದ್ದ ರೆಮಾ ರಾಜೇಶ್ವರಿಯವರು ಹಳ್ಳಿಹಳ್ಳಿಗೂ ಪೊಲೀಸರನ್ನು ಗೊತ್ತುಮಾಡಿ, ಮನೆಮನೆಗೆ ಕಳಿಸಿ ಮಾತಾಡಿಸಿದರು. ಡಪ್ಪು ಬಾರಿಸಿ ಹಾಡು ಕಟ್ಟಿ ತಿಳಿಹೇಳಿಸಿದರು. ಜನರಿಗೆ ಬೇಕಾಗಿದ್ದದ್ದು ಉಪದೇಶವಲ್ಲ, ‘ಇದು ನಿಜವೇ?’ ಎಂದು ಕೇಳಲು ಮುಖಪರಿಚಯದ ಒಬ್ಬ ಮನುಷ್ಯ.

ಮುರ್ಕಿಯಲ್ಲಿ ಕೇಳಬಹುದಾಗಿದ್ದ ಮನುಷ್ಯರು ಎದುರಿಗೇ ಇದ್ದರು. ಹೆಸರೇನು, ಎಲ್ಲಿಯವರು, ಮಕ್ಕಳಿಗೆ ಯಾಕೆ ಚಾಕೊಲೇಟ್ ಕೊಟ್ಟಿರಿ ಎಂದು ಕೇಳಿ ಉತ್ತರಕ್ಕೆ ಕಾಯಬಹುದಿತ್ತು. ಕಣ್ಣೆದುರಿನ ಅಪರಿಚಿತನ ಮಾತಿಗಿಂತ, ಕಣ್ಣಿಗೆ ಬೀಳದ ಪರಿಚಿತರು ಕಳಿಸಿದ ಸುದ್ದಿ ದೊಡ್ಡದಾಯಿತು. ಒಳಗಿನವರು ಒಬ್ಬರನ್ನೊಬ್ಬರು ನಂಬುವುದು ಗುಂಪಿನ ಬಲವೇನೋ ಹೌದು. ಆದರೆ ಹೊರಗಿನವನ ಮಾತು ಕೇಳುವ ವ್ಯವಧಾನವನ್ನೂ ಆ ನಂಬಿಕೆ ನುಂಗಿಹಾಕಿದರೆ, ಅದನ್ನು ವಿಶ್ವಾಸ ಎನ್ನುವುದು ಕಷ್ಟ.

ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ ಎಂದು ಗಾದೆ ಹೇಳಿ ನಗುತ್ತೇವೆ. ಹೊರಗಿನವರಾಗಿ ಬದುಕುವುದು ಏನೆಂದು ಬಲ್ಲ ನಾವಾದರೂ ಸ್ವಲ್ಪ ನಿಧಾನಿಸಬೇಕು. ಪ್ರತಿ ಹಬ್ಬಕ್ಕೂ ತೆಲಂಗಾಣದ ನಂಬರಿನ ಕಾರಿನಲ್ಲಿ ಬೀದರ್, ಕಲಬುರಗಿ, ರಾಯಚೂರಿನ ಹಳ್ಳಿಗಳನ್ನು ದಾಟಿ ಊರಿಗೆ ಹೋಗುವವರು ನಾವು. ದಾರಿಯಲ್ಲಿ ಚಹಾಕ್ಕೆ ನಿಲ್ಲುತ್ತೇವೆ, ಮಕ್ಕಳನ್ನು ಕಂಡರೆ ಮಾತಾಡಿಸುತ್ತೇವೆ. ಅಲ್ಲಿ ನಮ್ಮನ್ನು ನೋಡಿದವರು ಮೊದಲು ನಮ್ಮನ್ನೇ ಕೇಳಲಿ ಎಂದು ಬಯಸುತ್ತೇವೆ. ಫೋನಿನಲ್ಲಿ ಇನ್ನೊಬ್ಬರ ಬಗ್ಗೆ ಸುದ್ದಿ ಬಂದಾಗ ನಾವು ಮಾಡಬೇಕಾದ್ದೂ ಅಷ್ಟೇ.