ದಾರಿಯಲ್ಲಿ ಹೂಣಲ್ಪಟ್ಟ ತಾಯಿ

ಓದತಕ್ಕ ಭಾಗ: ಆದಿಕಾಂಡ 35ನೆಯ ಅಧ್ಯಾಯ, 8ನೆಯ ವಚನ, ಮತ್ತು 16ರಿಂದ 20ರ ವರೆಗೆ.



ನಮ್ಮ ಹೆಗ್ಗಡದೇವನಕೋಟೆಯ ಸೀಮೆಯಿಂದ ಮೈಸೂರಿಗೆ ಹೋಗಿ ಅಲ್ಲಿಂದ ರೈಲಿನಲ್ಲಿ ಬೆಂಗಳೂರಿಗೆ ಪ್ರಯಾಣ ಮಾಡಿದವರು ಶ್ರೀರಂಗಪಟ್ಟಣದ ಕೋಟೆಗೋಡೆಯನ್ನು ಕಂಡೇ ಇರುವರು. ಆ ಊರಿನಲ್ಲಿ ಕಾವೇರಿಯ ದಡದ ಮೇಲೆ ಸ್ಕಾಟ್ ಬಂಗಲೆ ಎಂಬ ಹಳೆಯ ಮನೆಯೊಂದುಂಟು. ಹುಣಸೂರಿನ ಮಗ್ಗುಲಲ್ಲಿ ಹರಿಯುವ ಲಕ್ಷ್ಮಣತೀರ್ಥದ ನೀರು ಕಾವೇರಿಯನ್ನು ಕೂಡಿಕೊಂಡು ಆ ಊರಿನ ಬಳಿಯಲ್ಲಿಯೇ ಮುಂದಕ್ಕೆ ಸಾಗುವದು. ಆದಕಾರಣ ಆ ಮನೆಯ ಸಂಗತಿಯು ನಮಗೆ ತೀರ ದೂರದ್ದೆಂದು ಯಾರೂ ಎಣಿಸಬಾರದು.

ಆ ಮನೆಯನ್ನು ಕುರಿತು ಜನರು ಹೇಳುವ ಕಥೆ ಹೀಗಿದೆ. ಶ್ರೀರಂಗಪಟ್ಟಣದಲ್ಲಿ ಫಿರಂಗಿ ಗಾಡಿಗಳನ್ನು ಮಾಡುವ ಕಾರ್ಖಾನೆಗೆ ಅಧಿಪತಿಯಾಗಿದ್ದ ಕರ್ನಲ್ ಸ್ಕಾಟ್ ಎಂಬ ದೊರೆಯು ಒಂದು ದಿನ ಮನೆಗೆ ಬಂದು ನೋಡಲಾಗಿ, ಹೆಂಡತಿಯೂ ಹೆಣ್ಣುಮಕ್ಕಳೂ ವಾಂತಿಭೇದಿಯಿಂದ ಸತ್ತು ಬಿದ್ದಿದ್ದರಂತೆ. ದುಃಖ ತಾಳಲಾರದೆ ಆತನು ಹೊಳೆಗೆ ಹಾರಿದನೆಂದು ಕೆಲವರು ಹೇಳುವರು. ಎಲ್ಲವನ್ನೂ ಇದ್ದ ಹಾಗೆಯೇ ಬಿಟ್ಟು ಹೊರಟುಹೋದನೆಂದು ಬೇರೆ ಕೆಲವರು ಹೇಳುವರು. ಮುಮ್ಮಡಿ ಕೃಷ್ಣರಾಜ ಒಡೆಯರವರು ಆ ಮನೆಯ ಒಂದು ಸಾಮಾನನ್ನೂ ಮುಟ್ಟಕೂಡದೆಂದು ಅಪ್ಪಣೆ ಕೊಟ್ಟರಂತೆ. ಮಂಚವೂ ಕುರ್ಚಿಯೂ ವಾದ್ಯವೂ ಇಟ್ಟಲ್ಲಿಯೇ ಗೆದ್ದಲು ಹಿಡಿದವೆಂದೂ, ರಾತ್ರಿಯಲ್ಲಿ ಆ ಕಡೆಗೆ ಹೋಗಬಾರದೆಂದೂ ಕಥೆಯು ಬೆಳೆಯುತ್ತಾ ಬಂತು. ಇಂಗ್ಲಿಷಿನಲ್ಲಿ ಇದರ ಮೇಲೆ ಪದ್ಯವನ್ನೂ ಕಟ್ಟಿದರು.

ಆದರೆ ಅದೇ ಊರಿನಲ್ಲಿ, ಹೊಳೆಯ ಸಮೀಪದಲ್ಲಿ, ದಂಡಿನವರ ಸ್ಮಶಾನವೊಂದಿದೆ. 1799ರ ಯುದ್ಧವಾದ ಮೇಲೆ ಅಲ್ಲಿ ನೆಲೆಸಿದ ಸೈನ್ಯದವರನ್ನೂ ಅವರ ಹೆಂಡಿರು ಮಕ್ಕಳನ್ನೂ ಅಲ್ಲಿ ಹೂಣಿದರು. ಗೋರಿಗಳು ಸುಮಾರು ಮುನ್ನೂರು. ಸ್ವಿಟ್ಜರ್ಲೆಂಡಿನಿಂದ ಬಂದ ಡಿ ಮ್ಯೂರಾನ್ ಪಟಾಲಮಿನವರೂ ಅಲ್ಲಿ ಮಲಗಿದ್ದಾರೆ. ಆ ಮನೆತನದವರೇ ಈ ಶತಮಾನದಲ್ಲಿ ಪಾಳುಬಿದ್ದಿದ್ದ ಆ ಸ್ಥಳವನ್ನು ದುರಸ್ತು ಮಾಡಿಸಿದರು. ಕ್ಯಾರೊಲೈನ್ ಇಸಬೆಲ್ಲಾ ಸ್ಕಾಟ್ ಎಂಬಾಕೆಯ ಗೋರಿಯು ಅಲ್ಲಿದೆ. ಆಕೆಯು 1817ರ ಏಪ್ರಿಲ್ ತಿಂಗಳಲ್ಲಿ ಹೆರಿಗೆಯಲ್ಲಿ ತೀರಿಹೋದಳು.

ಪ್ರಿಯರೇ, ವಾಂತಿಭೇದಿಯ ಮಹಾಪಿಡುಗು ಬಂಗಾಳದಲ್ಲಿ ಎದ್ದದ್ದು ಅದೇ 1817ರ ಮಳೆಗಾಲದಲ್ಲಿ. ಅದು ದಕ್ಷಿಣ ದೇಶಕ್ಕೆ ಇಳಿದದ್ದು ಮರುವರುಷ. ಈ ದೊರೆಸಾನಿಯು ಏಪ್ರಿಲಿನಲ್ಲಿಯೇ ಮಣ್ಣಿಗೆ ಸೇರಿದ್ದಳು. ಕರ್ನಲ್ ಸ್ಕಾಟರೂ ಹೊಳೆಗೆ ಬೀಳಲಿಲ್ಲ. ಹೆಂಡತಿಯು ಸತ್ತ ಮೇಲೆ ಅನೇಕ ವರ್ಷ ಬದುಕಿದರು. ಹೀಗಿರಲಾಗಿ, ಇನ್ನೂರು ವರ್ಷಗಳಿಂದ ಜನರು ಕಣ್ಣೀರಿಟ್ಟು ಹೇಳುತ್ತಾ ಬಂದ ಕಥೆಯು ಗಂಡಸಿನ ದುಃಖವನ್ನು ದೊಡ್ಡದು ಮಾಡಿತು. ಹೆಣ್ಣಿಗೆ ಬಂದ ನಿಜವಾದ ಮರಣವನ್ನು ಮರೆಯಿಸಿತು. ಬಂಗಲೆಗೆ ಆತನ ಹೆಸರುಂಟು. ಆಕೆಯ ಹೆಸರನ್ನು ಬಲ್ಲವರೆಷ್ಟು ಮಂದಿ?

ಆ ಕಾಲದ ದಂಡಿನವರ ಹೆಂಡತಿಯರ ಬಾಳುವೆಯನ್ನು ಸ್ವಲ್ಪ ಆಲೋಚಿಸಿರಿ. ಆಫ್ರಿಕಾ ಖಂಡವನ್ನು ಸುತ್ತಿಕೊಂಡು ಇಂಗ್ಲೆಂಡಿನಿಂದ ಬರುವ ಹಡಗಿಗೆ ಐದಾರು ತಿಂಗಳು ಹಿಡಿಯುತ್ತಿತ್ತು. ಬಂದು ಸೇರಿದ ಊರೋ ಜ್ವರದ ಬೀಡು. ಶ್ರೀರಂಗಪಟ್ಟಣದ ಚಳಿಜ್ವರಕ್ಕೆ ಹೆದರಿ 1809ರಲ್ಲಿ ದಂಡಿನ ನೆಲೆಯನ್ನೇ ಬೆಂಗಳೂರಿಗೆ ಸಾಗಿಸಿದರು; ಗಾಡಿಯ ಕಾರ್ಖಾನೆಯವರು ಮಾತ್ರ ಅಲ್ಲಿಯೇ ಉಳಿದರು. ನಮ್ಮ ಕೋಟೆಯ ಕಾಡಿನಂಚಿನ ಹಿರಿಯರಿಗೆ ಆ ಜ್ವರದ ಪರಿಚಯವನ್ನು ನಾವು ಹೇಳಿಕೊಡಬೇಕಾದದ್ದಿಲ್ಲ. ಇಂಥ ಊರಿನಲ್ಲಿ, ಅಮ್ಮನಿಲ್ಲದೆ, ತವರಿನ ಒಂದು ಮುಖವೂ ಇಲ್ಲದೆ ಹೆರಿಗೆಯಾಗಬೇಕು. ನೋವಿನಲ್ಲಿ ಕೂಗಿದ ಮಾತು ಪಕ್ಕದಲ್ಲಿ ಕೂತ ಸೂಲಗಿತ್ತಿಗೆ ತಿಳಿಯುವದಿಲ್ಲ. ಕ್ಯಾರೊಲೈನ್ ಇಸಬೆಲ್ಲಾಳ ಗುಣಾತಿಶಯಗಳನ್ನು ನಾವು ಕಲ್ಪಿಸಿ ವರ್ಣಿಸುವದು ಸರಿಯಲ್ಲ. ಆದರೆ ಹೆತ್ತ ತಾಯಂದಿರಲ್ಲಿ ಯಾರಿಗೂ ಆ ಕೋಣೆಯು ತಿಳಿಯದ್ದಲ್ಲ.

ಈಗ ವೇದವನ್ನು ತೆರೆಯೋಣ. ಯಾಕೋಬನು ಬೇತೇಲಿನಿಂದ ಹೊರಟು ಎಫ್ರಾತಕ್ಕೆ ಇನ್ನೂ ದಾರಿ ಉಳಿದಿರುವಾಗಲೇ ರಾಹೇಲಳಿಗೆ ಬೇನೆ ಬಂತು. ಆಕೆಯು ತಂದೆಯ ದೇಶವನ್ನು ಬಿಟ್ಟು ಗಂಡನ ಹಿಂದೆ ಬಂದವಳು. ಕಷ್ಟದ ಹೆರಿಗೆ. ಹೆದರಬೇಡ, ಇದೂ ಗಂಡುಮಗುವೇ ಎಂದು ಸೂಲಗಿತ್ತಿಯು ಸಂತೈಸಿದಳು. ಪ್ರಾಣ ಹೋಗುತ್ತಿರುವಾಗ ರಾಹೇಲಳು ಕೂಸಿಗೆ ಬೆನೋನಿ, ಅಂದರೆ ನನ್ನ ದುಃಖದ ಮಗನು, ಎಂದು ಹೆಸರಿಟ್ಟಳು. ತಂದೆಯಾದರೋ ಆ ಹೆಸರನ್ನು ನಿಲ್ಲಗೊಡಿಸಲಿಲ್ಲ. ಬೆನ್ಯಾಮೀನನೆಂದು, ಬಲಗೈಯ ಮಗನೆಂದು ಕರೆದನು. ನಮ್ಮ ಹಳ್ಳಿಗಳಲ್ಲಿ ಇಂಥ ಕೂಸನ್ನು ಏನನ್ನುವರು? ತಾಯಿಯನ್ನು ನುಂಗಿಕೊಂಡು ಹುಟ್ಟಿದ್ದು ಅನ್ನುವರು. ಆ ಮಾತನ್ನು ಕೇಳಿಕೊಂಡು ಬೆಳೆದ ಮಕ್ಕಳು ನಮ್ಮ ಸಭೆಗಳಲ್ಲಿಯೂ ಇದ್ದಾರೆ. ಯಾಕೋಬನು ಹಾಗೆ ಅನ್ನಲಿಲ್ಲ.

ಮತ್ತು ಯಾಕೋಬನು ಆ ಸಮಾಧಿಯ ಮೇಲೆ ಕಂಬವನ್ನು ನಿಲ್ಲಿಸಿದನು. ಆಕೆಯನ್ನು ದಾರಿಯಲ್ಲಿ ಹೂಣಿ ಓಡಿಹೋಗಲಿಲ್ಲ. ಇದನ್ನು ನಾವು ಒತ್ತಿ ಹೇಳುವದಕ್ಕೆ ಕಾರಣವುಂಟು. ಬಸುರಿಯಾಗಲಿ ಬಾಣಂತಿಯಾಗಲಿ ಸತ್ತರೆ ದೆವ್ವವಾಗಿ ತಿರುಗುವಳೆಂಬ ಭಯವು ನಮ್ಮ ಸೀಮೆಯಲ್ಲಿ ಬೇರೂರಿದೆ. ದೀಕ್ಷಾಸ್ನಾನ ಹೊಂದಿದ ಮನೆಗಳಿಂದಲೂ ಅದು ಪೂರ್ತಿಯಾಗಿ ಹೊರಟುಹೋಗಿಲ್ಲವೆಂಬದನ್ನು ನಾಚಿಕೆಯಿಂದ ಒಪ್ಪಿಕೊಳ್ಳೋಣ. ಭಾನುವಾರ ನಮ್ಮ ಪಕ್ಕದಲ್ಲಿ ಕೂತು ಕೀರ್ತನೆ ಹಾಡಿದ ಸಹೋದರಿಯು ಹೆರಿಗೆಯಲ್ಲಿ ತೀರಿಹೋದಳೆಂದರೆ, ಹೊತ್ತು ಮುಳುಗಿದ ಮೇಲೆ ಆಕೆಯ ಹೆಸರೆತ್ತುವದಕ್ಕೆ ನಾಲಿಗೆ ಏಳುವದಿಲ್ಲ. ಆಕೆಯ ಮಕ್ಕಳು ಅಮ್ಮನನ್ನು ಕೇಳಿದರೆ ಹಿರಿಯರು ಬಾಯಿ ಮುಚ್ಚಿಸುವರು. ಕರ್ತನ ಮೇಜಿನ ರೊಟ್ಟಿಯನ್ನು ತಿಂದವಳನ್ನು ದೆವ್ವವೆನ್ನುವದು ಆಕೆಗೆ ಮಾಡುವ ಅವಮಾನ ಮಾತ್ರವಲ್ಲ. ಮರಣವನ್ನು ಗೆದ್ದಾತನನ್ನು ಸುಳ್ಳುಗಾರನನ್ನಾಗಿ ಮಾಡಿದ ಹಾಗೆ.

ಅದೇ ಅಧ್ಯಾಯದ 8ನೆಯ ವಚನವನ್ನು ಅನೇಕರು ಓದಿ ದಾಟಿಬಿಡುವರು. ರೆಬೆಕ್ಕಳು ಮದುವೆಗಾಗಿ ಹೊರಟಾಗ ತವರಿನಿಂದ ಜೊತೆಯಲ್ಲಿ ಬಂದ ದಾದಿಯಾದ ದೆಬೋರಳು ಸತ್ತಾಗ ಆಕೆಯನ್ನು ಅಲ್ಲೋನ ಮರದ ಕೆಳಗೆ ಹೂಣಿದರು. ಆ ಮರಕ್ಕೆ ಗೋಳಾಟದ ಮರವೆಂದು ಹೆಸರಾಯಿತು. ದಾದಿಯ ಮರಣವನ್ನೂ ಪವಿತ್ರಾತ್ಮನು ಬರೆಯಿಸಿಟ್ಟಿದ್ದಾನೆ. ಆ ಕಾಲದ ದೊರೆಗಳ ಬಂಗಲೆಗಳಲ್ಲಿ ಬಾಣಂತಿಯರಿಗೆ ನೀರು ಕಾಯಿಸಿದ, ತಾಯಿ ಸತ್ತ ಕೂಸುಗಳಿಗೆ ಹಾಲುಣಿಸಿದ ನಮ್ಮ ನಾಡಿನ ಆಯಾಗಳಿಗೆ ಗೋರಿಕಲ್ಲುಗಳಿಲ್ಲ. ದೊರೆಸಾನಿಯನ್ನು ನೆನೆಯುವಾಗ ಅವರನ್ನೂ ನೆನೆಯುವದು ನ್ಯಾಯ.

ಸತ್ತವಳ ನೆನಪಿಗಾಗಿ ಬಾಗಿಲು ಹಾಕಿದ ಮನೆಯ ಕಥೆಯನ್ನು ಕೇಳಿದಿರಿ. ಬಾಗಿಲು ತೆರೆದ ಮನೆಯೂ ಒಂದುಂಟು. ವೆಸ್ಲಿಯನ್ ಮಿಷನ್ನಿನ ಹೋಲ್ಡ್ಸ್‌ವರ್ತ್ ಬೋಧಕರ ಪತ್ನಿಯಾದ ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಅಮ್ಮನವರ ಜ್ಞಾಪಕಾರ್ಥವಾಗಿ 1906ರಲ್ಲಿ ಮೈಸೂರಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ಆಸ್ಪತ್ರೆಯು ತೆರೆಯಲ್ಪಟ್ಟಿತು. ನೀವು ಮಿಷನ್ ಆಸ್ಪತ್ರೆಯೆಂದು ಕರೆಯುವದು ಅದನ್ನೇ. ಆ ಅಮ್ಮನವರೂ ದೂರ ದೇಶದಿಂದ ಬಂದವರೇ. ಬೇನೆ ತಿನ್ನುವ ಸೊಸೆಯನ್ನು ಹೊತ್ತು ಮೀರುವ ತನಕ ಮನೆಯಲ್ಲಿಟ್ಟುಕೊಂಡು, ಕೈಮೀರಿದ ಮೇಲೆ ಎಲ್ಲವೂ ದೇವರ ಚಿತ್ತವೆನ್ನುವ ಅತ್ತೆಯರೂ ಗಂಡಂದಿರೂ ಕೇಳಲಿ: ತಡಮಾಡಿದ್ದು ನಮ್ಮ ಚಿತ್ತ. ಅದನ್ನು ದೇವರ ಮೇಲೆ ಹೊರಿಸಬೇಡಿರಿ.

ಪರದೇಶದ ತಾಯಂದಿರು ಈಗಲೂ ನಮ್ಮ ನೆರೆಯಲ್ಲಿದ್ದಾರೆ. ಪಿರಿಯಾಪಟ್ಟಣದ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1961ರಿಂದ ಟಿಬೆಟಿನ ಜನರು ನೆಲೆಸಿದ್ದಾರೆ. ಅವರಲ್ಲಿ ಗಂಡನನ್ನು ದಂಡಿಗೆ ಕಳುಹಿಸಿ ಒಬ್ಬಳೇ ಮಕ್ಕಳನ್ನು ಸಾಕುವವರುಂಟು. ನಮ್ಮ ಹೆಣ್ಣುಮಕ್ಕಳೇ ಗಂಡನ ಹಿಂದೆ ಕೊಡಗಿನ ಕಾಫಿತೋಟಗಳಿಗೆ ಹೋಗಿ ಲೈನ್ ಮನೆಗಳಲ್ಲಿ ಹೆರುವದುಂಟು. ಅವರ ಬೇನೆಯ ರಾತ್ರಿಯಲ್ಲಿ ಪಕ್ಕದಲ್ಲಿ ಕೂತುಕೊಳ್ಳುವವರು ಯಾರು?

ಬರುವ ಪುನರುತ್ಥಾನದ ಹಬ್ಬದ ದಿನ ಬೆಳಗಾಗುವ ಮುಂಚೆ ನಾವು ವಾಡಿಕೆಯಂತೆ ದೀಪ ಹಿಡಿದು ಸಮಾಧಿಗಳ ಬಳಿಗೆ ಹೋಗುವೆವು. ಆಗ ಪ್ರತಿ ಸಭೆಯ ಹಿರಿಯರು, ಆ ಸಭೆಯಲ್ಲಿ ಹೆರಿಗೆಯಲ್ಲಿ ತೀರಿಹೋದ ತಾಯಂದಿರ ಹೆಸರುಗಳನ್ನು ಪುಸ್ತಕ ನೋಡಿ, ವೃದ್ಧರನ್ನು ಕೇಳಿ, ಬರೆದುಕೊಂಡು ಬಂದು ಗಟ್ಟಿಯಾಗಿ ಓದಲಿ. ಹೆಸರಿಡುವದಕ್ಕೆ ಮುಂಚೆಯೇ ಸತ್ತ ಕೂಸಾದರೆ, ತಾಯಿಯ ಹೆಸರಾದ ಮೇಲೆ, ಆಕೆಯ ಕೂಸು ಎಂದಾದರೂ ಓದಲಿ. ಆ ತಾಯಂದಿರ ಮಕ್ಕಳು ಹಿಂದೆ ಅಡಗಿಕೊಳ್ಳದೆ, ಎಲ್ಲರಿಗಿಂತ ಮುಂದೆ, ದೀಪ ಹಿಡಿದು ನಿಂತಿರಲಿ.