ವಾರ್ತೆಯ ಋಣ

ವೃತ್ತಪತ್ರಿಕೆಗಳಲ್ಲಿ ಬಹುಕಾಲ ದುಡಿದು ವಿರಮಿಸಿದವರು ತಮ್ಮ ವೃತ್ತಿಜೀವನವನ್ನು ನೆನೆದು ಬರೆಯುವ ಗ್ರಂಥಗಳು ಈಗ ಅನೇಕ ಭಾಷೆಗಳಲ್ಲಿ ಬರುತ್ತಿವೆ. ಅವುಗಳಲ್ಲಿ ಒಂದು ಮಾತು ಪದೇ ಪದೇ ಕಾಣಬರುವುದು. ಯಾವುದೋ ಒಂದು ಕ್ಷಾಮದ, ಯುದ್ಧದ ಅಥವಾ ಅನ್ಯಾಯದ ವೃತ್ತಾಂತವನ್ನು ಬರೆದ ದಿನದಿಂದ ತಾವು ಬೇರೆಯ ಮನುಷ್ಯರಾದೆವೆಂದೂ ಆ ವೃತ್ತಾಂತವೇ ತಮ್ಮನ್ನು ರೂಪಿಸಿತೆಂದೂ ಅವರು ಹೇಳುವರು. ಮಾತು ಪ್ರಾಮಾಣಿಕವಾದುದೇ. ಆದರೆ ಅದರೊಳಗೆ ಒಂದು ಧರ್ಮಸೂಕ್ಷ್ಮವು ಅಡಗಿರುವುದು. ಬರೆದವನ ಬಾಳನ್ನು ಕಟ್ಟಿದ ಸಂಗತಿಯು ಬಹುಮಟ್ಟಿಗೆ ಮತ್ತೊಬ್ಬನ ಬಾಳನ್ನು ಕೆಡವಿದ ಸಂಗತಿಯಾಗಿರುತ್ತದೆ. ಒಬ್ಬನ ಮನೆ ಉರಿಯಿತು; ಆ ಉರಿಯ ಬೆಳಕಿನಲ್ಲಿ ಮತ್ತೊಬ್ಬನ ಮುಖವು ಲೋಕಕ್ಕೆ ಕಾಣಿಸಿತು. ಹೀಗೆ ಕಾಣಿಸಿಕೊಂಡವನು ಮನೆ ಕಳೆದುಕೊಂಡವನಿಗೆ ಸಲ್ಲಿಸಬೇಕಾದುದು ಏನಾದರೂ ಉಂಟೆ? ಉಂಟಾದರೆ ಅದನ್ನು ಸಲ್ಲಿಸುವ ಬಗೆ ಯಾವುದು? ಈ ಪ್ರಶ್ನೆಯನ್ನು ಸ್ವಲ್ಪ ವಿಚಾರಮಾಡೋಣ.

ಮನುಷ್ಯನು ಹುಟ್ಟುವಾಗಲೇ ಋಣಿಯಾಗಿ ಹುಟ್ಟುವನೆಂದು ನಮ್ಮ ಶ್ರುತಿಯು ಹೇಳುತ್ತದೆ. ದೇವಋಣ, ಋಷಿಋಣ, ಪಿತೃಋಣ ಎಂಬ ಮೂರು ಎಲ್ಲರಿಗೂ ತಿಳಿದವು. ಶತಪಥಬ್ರಾಹ್ಮಣವು ಇವುಗಳೊಡನೆ ಮನುಷ್ಯಋಣವನ್ನೂ ಎಣಿಸಿ, ಜನರಿಗೆ ವಸತಿಯನ್ನೂ ಅನ್ನವನ್ನೂ ಕೊಡುವುದು ಅದನ್ನು ತೀರಿಸುವ ಮಾರ್ಗವೆಂದು ವಿಧಿಸಿದೆ. ಈ ಋಣಗಳಲ್ಲಿ ಯಾವುದೂ ಪತ್ರ ಬರೆದುಕೊಟ್ಟು ತಂದ ಸಾಲವಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಕೇಳದೆ ಪಡೆದುದೂ ಋಣವೇ ಆಗುವುದೆಂಬುದು ಇದರ ತಾತ್ಪರ್ಯ.

ಇದಕ್ಕೆ ಆಕ್ಷೇಪ ಹೇಳುವವರು ಇಲ್ಲದಿಲ್ಲ. ಪತ್ರಿಕಾಕರ್ತನ ಕೆಲಸವೆಂದರೆ ಕಂಡುದನ್ನು ಯಥಾರ್ಥವಾಗಿ ಬರೆಯುವುದು. ಅಲ್ಲಿಗೆ ಅವನ ಕರ್ತವ್ಯ ಮುಗಿಯಿತು. ವೈದ್ಯನು ರೋಗಿಗಳಿಂದಲೂ ಉಪಾಧ್ಯಾಯನು ಶಿಷ್ಯರಿಂದಲೂ ಅನುಭವ ಪಡೆಯುತ್ತಾರೆ, ಅವರನ್ನು ಯಾರೂ ಋಣಿಗಳೆನ್ನುವುದಿಲ್ಲವಷ್ಟೆ, ಎಂದು ಅವರ ವಾದ. ಈ ವಾದದಲ್ಲಿ ಸಾರವಿದೆ, ಪೂರ್ಣತೆಯಿಲ್ಲ. ವೈದ್ಯನಿಂದ ರೋಗಿಗೆ ಔಷಧವಾದರೂ ದೊರೆಯಿತು, ಉಪಾಧ್ಯಾಯನಿಂದ ಶಿಷ್ಯನಿಗೆ ನಾಲ್ಕಕ್ಷರವಾದರೂ ಬಂದಿತು. ವಾರ್ತೆಯ ವ್ಯವಹಾರದಲ್ಲಿ ಓದುಗನಿಗೆ ತಿಳಿವಳಿಕೆಯೂ ಬರೆದವನಿಗೆ ಕೀರ್ತಿಯೂ ಲಭಿಸುವುವು. ಯಾವನ ಸಂಕಟದಿಂದ ಇವೆರಡೂ ಹುಟ್ಟಿದುವೋ ಅವನ ಕೈ ಮಾತ್ರ ಅನೇಕ ವೇಳೆ ಬರಿದಾಗಿಯೇ ಉಳಿಯುವುದು.

ನಮ್ಮ ಪುರಾಣೇತಿಹಾಸಗಳಲ್ಲಿ ವಾರ್ತೆಯನ್ನು ಹೇಳುವುದಕ್ಕೆಂದೇ ನಿಯುಕ್ತನಾದವನು ಸಂಜಯನು. ಕುರುಕ್ಷೇತ್ರದ ವೃತ್ತಾಂತವನ್ನು ಧೃತರಾಷ್ಟ್ರನಿಗೆ ತಿಳಿಸುವುದಕ್ಕಾಗಿ ವ್ಯಾಸರು ಅವನಿಗೆ ದಿವ್ಯದೃಷ್ಟಿಯನ್ನು ಕರುಣಿಸಿದರು. ದುರ್ಯೋಧನನ ಮರಣದೊಡನೆ ಆ ದೃಷ್ಟಿಯು ಅವನಿಂದ ಮರೆಯಾಯಿತೆಂದು ಸೌಪ್ತಿಕಪರ್ವದಲ್ಲಿ ಹೇಳಿದೆ. ಕಣ್ಣನ್ನು ಕೊಟ್ಟದ್ದು ಕಾರ್ಯಕ್ಕಾಗಿ. ಕಾರ್ಯ ಮುಗಿದ ಮೇಲೆ ಅದು ಅವನ ಆಸ್ತಿಯಾಗಿ ಉಳಿಯಲಿಲ್ಲ. ಆದರೂ ಸಂಜಯನು ತನ್ನ ಕೆಲಸ ತೀರಿತೆಂದು ಹೊರಟುಹೋಗಲಿಲ್ಲ. ಮಕ್ಕಳನ್ನೆಲ್ಲ ಕಳೆದುಕೊಂಡ ಆ ಕುರುಡು ಮುದುಕನು ಗಾಂಧಾರಿ ಕುಂತಿಯರೊಡನೆ ಕಾಡಿಗೆ ಹೋದಾಗ ತಾನೂ ಜೊತೆಗೆ ಹೋದನು. ಕಾಡುಗಿಚ್ಚು ಸುತ್ತಿಕೊಂಡು, ದೊರೆಯೇ ಅವನನ್ನು ಬದುಕಿಕೊಳ್ಳೆಂದು ಕಳುಹಿಸುವವರೆಗೂ ಅವನ ಬಳಿಯಲ್ಲಿಯೇ ಇದ್ದನು. ಯಾರ ಮನೆಯ ನಾಶವನ್ನು ದಿನದಿನವೂ ವರ್ಣಿಸಿದನೋ ಅವರ ಕೈಯನ್ನು ಅವನು ಬಿಡಲಿಲ್ಲ.

ಈ ಕಾಲದ ಎರಡು ನಿದರ್ಶನಗಳನ್ನು ನೋಡೋಣ. ದಕ್ಷಿಣ ಆಫ್ರಿಕದ ಕೆವಿನ್ ಕಾರ್ಟರ್ ಎಂಬ ಛಾಯಾಗ್ರಾಹಕನು ೧೯೯೩ರ ಮಾರ್ಚಿಯಲ್ಲಿ ಸೂಡಾನಿನ ಕ್ಷಾಮಪ್ರದೇಶದ ಆಯೋಡ್ ಎಂಬಲ್ಲಿ ಒಂದು ಚಿತ್ರವನ್ನು ತೆಗೆದನು. ಹಸಿವಿನಿಂದ ನೆಲಕ್ಕೆ ಕುಸಿದ ಮಗು, ಅದರ ಹಿಂದೆ ಕಾದು ಕುಳಿತ ರಣಹದ್ದು. ಆ ತಿಂಗಳ ೨೬ರಂದು ಅದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಗುವಿನ ಗತಿ ಏನಾಯಿತೆಂದು ಓದುಗರು ಕೇಳತೊಡಗಿದರು. ಹದ್ದನ್ನು ಓಡಿಸಿದ ಮೇಲೆ ಮಗುವು ಚೇತರಿಸಿಕೊಂಡು ಮುಂದೆ ನಡೆಯಿತೆಂದೂ ಅನ್ನ ಕೊಡುವ ಕೇಂದ್ರವನ್ನು ಸೇರಿತೋ ಇಲ್ಲವೋ ತಿಳಿಯದೆಂದೂ ಪತ್ರಿಕೆಯು ಕೆಲವು ದಿನಗಳಲ್ಲಿ ಉತ್ತರವಿತ್ತಿತು. ೧೯೯೪ರಲ್ಲಿ ಆ ಚಿತ್ರಕ್ಕೆ ಪುಲಿಟ್ಜರ್ ಬಹುಮಾನ ಬಂದಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಕಾರ್ಟರನು ತನ್ನ ಕೈಯಿಂದಲೇ ಪ್ರಾಣ ಕಳೆದುಕೊಂಡನು. ಹಣದ ಮುಗ್ಗಟ್ಟು, ಗೆಳೆಯನ ಸಾವು, ಕಂಡ ಕ್ರೌರ್ಯಗಳ ನೆನಪು ಮುಂತಾದ ಹಲವು ದುಃಖಗಳು ಅವನನ್ನು ಮುತ್ತಿದ್ದುವು. ಎಲ್ಲವನ್ನೂ ಒಂದು ಚಿತ್ರದ ಮೇಲೆ ಹೊರಿಸುವುದು ನ್ಯಾಯವಲ್ಲ. ಅವನನ್ನು ನಿರ್ದಯನೆಂದು ದೂರುವುದಂತೂ ಸುಲಭವಾದ ಧರ್ಮೋಪದೇಶ. ಹಸಿವಿನ ಆ ನಾಡಿಗೆ ಹೋಗದೆ ಮನೆಯಲ್ಲಿದ್ದವರಿಗೆ ಆ ಮಾತನ್ನಾಡುವ ಅಧಿಕಾರವೆಲ್ಲಿಯದು?

ಆದರೂ ಓದುಗರ ಪ್ರಶ್ನೆಯು ಹದಿನೆಂಟು ವರ್ಷ ಹಾಗೆಯೇ ನಿಂತಿತ್ತು. ೨೦೧೧ರಲ್ಲಿ ಸ್ಪೇನ್ ದೇಶದ ಪತ್ರಿಕೆಯೊಂದರವರು ಆಯೋಡಿಗೆ ಹೋಗಿ ವಿಚಾರಿಸಿದರು. ಅದು ಗಂಡುಮಗುವೆಂದೂ ಕ್ಷಾಮದಿಂದ ಬದುಕಿ ಬೆಳೆದು, ಕೆಲವು ವರ್ಷಗಳ ಹಿಂದೆ ಜ್ವರದಿಂದ ತೀರಿಕೊಂಡನೆಂದೂ ಮನೆಯವರಿಂದ ತಿಳಿದುಬಂದಿತು. ಲೋಕವೆಲ್ಲ ಸತ್ತಿತೆಂದು ಭಾವಿಸಿದ್ದ ಕೂಸು ಆಡಿ ಬೆಳೆದು ಯುವಕನಾಗಿದ್ದನು. ಅವನಿಗೊಂದು ಹೆಸರಿತ್ತು, ತಂದೆಯಿದ್ದನು. ಹೋಗಿ ಕೇಳುವವರು ಬರುವವರೆಗೂ ಅವನು ಲೋಕದ ಪಾಲಿಗೆ ಒಂದು ಚಿತ್ರವಾಗಿದ್ದನೇ ಹೊರತು ಮನುಷ್ಯನಾಗಿರಲಿಲ್ಲ.

ಎರಡನೆಯ ನಿದರ್ಶನವು ಜಾನ್ ಹರ್ಸಿಯದು. ಅಮೆರಿಕದ ಈ ಲೇಖಕನು ೧೯೪೬ರಲ್ಲಿ ನ್ಯೂಯಾರ್ಕರ್ ಎಂಬ ವಾರಪತ್ರಿಕೆಯ ಪರವಾಗಿ ಜಪಾನಿಗೆ ಹೋದನು. ಹಿಂದಿನ ವರ್ಷದ ಆಗಸ್ಟ್ ೬ರಂದು ಹಿರೋಷಿಮದ ಮೇಲೆ ಅಣುಬಾಂಬು ಬಿದ್ದಿತ್ತು. ಅದರ ಶಕ್ತಿಯನ್ನು ಕುರಿತು ಬರೆದವರು ಹಲವರು. ಅದರ ಕೆಳಗಿದ್ದವರನ್ನು ಕುರಿತು ಬರೆದವರು ವಿರಳ. ಹರ್ಸಿಯು ಬದುಕಿ ಉಳಿದ ಆರು ಮಂದಿಯನ್ನು ಆರಿಸಿಕೊಂಡನು: ಇಬ್ಬರು ವೈದ್ಯರು, ಒಬ್ಬ ಜರ್ಮನ್ ಪಾದ್ರಿ, ಒಬ್ಬ ಜಪಾನೀ ಪಾದ್ರಿ, ಕಾರ್ಖಾನೆಯ ಒಬ್ಬ ಗುಮಾಸ್ತೆ ಹೆಣ್ಣುಮಗಳು, ಮೂವರು ಮಕ್ಕಳನ್ನು ಸಾಕುತ್ತಿದ್ದ ದರ್ಜಿಯೊಬ್ಬನ ವಿಧವೆ. ಆ ಬೆಳಗಿನಲ್ಲಿ ಅವರು ಏನು ಮಾಡುತ್ತಿದ್ದರು, ಆಮೇಲೆ ಏನಾಯಿತು ಎಂಬುದನ್ನು ಆಡಂಬರದ ಒಂದು ಮಾತೂ ಇಲ್ಲದೆ ಬರೆದನು. ಪತ್ರಿಕೆಯು ಆಗಸ್ಟ್ ೩೧ರ ಸಂಚಿಕೆಯನ್ನು ಇಡಿಯಾಗಿ ಆ ಲೇಖನಕ್ಕೇ ಬಿಟ್ಟುಕೊಟ್ಟಿತು. ಅದನ್ನು ಮರುಮುದ್ರಿಸುವ ಪತ್ರಿಕೆಗಳು ಸಂಕ್ಷೇಪ ಮಾಡಕೂಡದೆಂದೂ ತನಗೆ ಸಲ್ಲತಕ್ಕ ಹಣವನ್ನು ರೆಡ್ ಕ್ರಾಸ್ ಸಂಸ್ಥೆಗೆ ಕೊಡಬೇಕೆಂದೂ ಹರ್ಸಿಯು ಕೇಳಿಕೊಂಡನು. ತನ್ನನ್ನು ಕುರಿತ ಸಂದರ್ಶನಗಳಿಗೆ ಅವನು ಜೀವಮಾನದುದ್ದಕ್ಕೂ ವಿಮುಖನಾಗಿಯೇ ಇದ್ದನು.

ಇಷ್ಟಕ್ಕೇ ನಿಂತಿದ್ದರೂ ಅದು ಸಜ್ಜನಿಕೆಯೇ ಆಗುತ್ತಿತ್ತು. ಆದರೆ ಸುಮಾರು ನಾಲ್ವತ್ತು ವರ್ಷಗಳ ಮೇಲೆ, ತನ್ನ ಎಪ್ಪತ್ತನೆಯ ವಯಸ್ಸಿನ ಹತ್ತಿರ, ಅವನು ಮತ್ತೆ ಹಿರೋಷಿಮಕ್ಕೆ ಹೋದನು. ಆರು ಮಂದಿಯಲ್ಲಿ ಇಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಇದ್ದವರನ್ನು ಕಂಡು, ಇಲ್ಲದವರ ವಿಷಯವನ್ನು ವಿಚಾರಿಸಿ, ೧೯೮೫ರ ಜುಲೈ ತಿಂಗಳಲ್ಲಿ ಅದೇ ಪತ್ರಿಕೆಯಲ್ಲಿ ಅವರ ಮುಂದಿನ ಬಾಳನ್ನು ಬರೆದನು. ಬಾಂಬು ಬಿದ್ದ ದಿನಕ್ಕಿಂತ ಅನಂತರದ ಸಾವಿರಾರು ದಿನಗಳು ಕೆಲವರಿಗೆ ದೀರ್ಘತರವಾದುವೆಂಬುದು ಆಗ ತಿಳಿಯಿತು. ದರ್ಜಿಯ ವಿಧವೆಗೆ ಗಂಡನು ಬಿಟ್ಟುಹೋಗಿದ್ದ ಹೊಲಿಗೆಯ ಯಂತ್ರವೊಂದೇ ಜೀವನಾಧಾರ. ನೀರಿನ ತೊಟ್ಟಿಯಲ್ಲಿ ಮುಳುಗಿ ತುಕ್ಕುಹಿಡಿದಿದ್ದ ಅದನ್ನು ಆಕೆ ಸರಿಮಾಡಿಸಿಕೊಂಡು ಹೊಲಿದಳು. ಕೊನೆಗೆ ವೈದ್ಯನ ಹಣ ತೀರಿಸುವುದಕ್ಕೆ ಅದನ್ನೇ ಮಾರಬೇಕಾಯಿತು. ಬಾಂಬಿಗೆ ಸಿಕ್ಕಿ ಬದುಕಿದವರ ಚಿಕಿತ್ಸೆಗೆಂದು ಜಪಾನಿನಲ್ಲಿ ಕಾನೂನು ಬಂದದ್ದು ೧೯೫೭ರಲ್ಲಿ. ಈ ಹನ್ನೆರಡು ವರ್ಷಗಳ ವೃತ್ತಾಂತವು ೧೯೪೬ರ ಲೇಖನದಲ್ಲಿ ಇರುವುದು ಸಾಧ್ಯವಿರಲಿಲ್ಲ. ಹಿಂತಿರುಗಿ ಹೋದವನಿಗೆ ಮಾತ್ರ ಅದು ದೊರೆಯಿತು.

ಹಿಂತಿರುಗಿದುದರಿಂದ ಹರ್ಸಿಗೆ ಮತ್ತೊಂದು ಲೇಖನವೇ ತಾನೆ ಲಾಭವಾಯಿತು, ಆ ಹೆಂಗಸಿಗೆ ಯಂತ್ರವು ಮರಳಿ ಬಂದಿತೆ, ಎಂದು ಕೇಳಬಹುದು. ಬರಲಿಲ್ಲ. ಋಣವೆಂದರೆ ಕೆಟ್ಟುದನ್ನೆಲ್ಲ ಸರಿಪಡಿಸುವ ಹೊಣೆಯೆಂದಾದರೆ ಯಾವ ಪತ್ರಿಕಾಕರ್ತನೂ ಅದನ್ನು ಹೊರಲಾರನು. ನೂರಾರು ಊರುಗಳಿಗೆ ಹೋದವನು ನೂರಾರು ಊರುಗಳಿಗೂ ಹಿಂತಿರುಗುವುದು ಆಗದ ಮಾತು. ಆದರೆ ಯಾವ ಒಂದು ವಾರ್ತೆಯು ತನ್ನನ್ನು ರೂಪಿಸಿತೆಂದು ಅವನು ತಾನೇ ಒಪ್ಪುವನೋ ಅಲ್ಲಿಗೆ ಒಮ್ಮೆಯಾದರೂ ಹೋಗಿ, ಅಥವಾ ಒಂದು ಕಾಗದವನ್ನಾದರೂ ಬರೆದು, ಆಮೇಲೆ ಏನಾಯಿತೆಂದು ಕೇಳುವುದು ಅವನಿಗೆ ಶಕ್ಯವಾದುದು. ಕೇಳುವುದರಿಂದ ಎದುರಿಗಿರುವವನು ದೃಷ್ಟಾಂತವಾಗಿ ಉಳಿಯದೆ ಮನುಷ್ಯನಾಗುತ್ತಾನೆ. ಸಲ್ಲಬೇಕಾದುದರಲ್ಲಿ ಮೊದಲನೆಯದು ಇದು. ಮಿಕ್ಕದ್ದು ಅವರವರ ಶಕ್ತಿಗೆ ಸೇರಿದುದು.

ಸ್ಮರಣೆಯನ್ನು ಬರೆಯುವಾಗಲೂ ಇದೇ ನ್ಯಾಯವು ಅನ್ವಯಿಸುವುದು. ಪತ್ರಿಕಾಕರ್ತರಾಗಿ ಸಾರ್ವಜನಿಕ ಜೀವನಕ್ಕೆ ಬಂದ ಡಿ.ವಿ. ಗುಂಡಪ್ಪನವರು ತಮ್ಮ ನೆನಪುಗಳನ್ನು ಜ್ಞಾಪಕ ಚಿತ್ರಶಾಲೆಯೆಂಬ ಹೆಸರಿನಲ್ಲಿ ಬರೆದರು. ಅದರ ಸಂಪುಟಗಳಲ್ಲಿ ದಿವಾನರಿದ್ದಾರೆ, ವೈದಿಕರಿದ್ದಾರೆ, ಕಲಾವಿದರಿದ್ದಾರೆ, ಹೃದಯವೊಂದನ್ನು ಬಿಟ್ಟರೆ ಬೇರೆ ಸಂಪತ್ತಿಲ್ಲದ ಸಾಮಾನ್ಯರೂ ಇದ್ದಾರೆ. ಬರೆದವರು ಮಾತ್ರ ಬಾಗಿಲ ಪಕ್ಕದಲ್ಲಿ ದೀಪ ಹಿಡಿದು ನಿಂತಂತೆ ಇರುವರು. ತನ್ನನ್ನು ರೂಪಿಸಿದವರನ್ನು ಮುಂದೆ ನಿಲ್ಲಿಸಿ ತಾನು ಪಕ್ಕಕ್ಕೆ ಸರಿಯುವುದೂ ಋಣ ತೀರಿಸುವ ಒಂದು ಬಗೆಯೇ.

ಕೊನೆಯದಾಗಿ ವಾಚಕರಾದ ನಮ್ಮ ಮಾತು. ವಾರ್ತೆಯು ಬರೆದವನನ್ನು ರೂಪಿಸುವಂತೆ ಓದಿದವನನ್ನೂ ಅಷ್ಟಿಷ್ಟು ರೂಪಿಸುತ್ತದೆ. ದೂರದ ಒಂದು ದುಃಖವನ್ನು ಬೆಳಗಿನ ಹೊತ್ತು ಓದಿ ಮನಸ್ಸು ಕರಗಿಸಿಕೊಂಡು, ಸಂಜೆಗೆ ಅದನ್ನು ಮರೆಯುವುದು ಗೃಹಸ್ಥರ ನಿತ್ಯದ ರೂಢಿಯಾಗಿದೆ. ಆದುದರಿಂದ ಮನುಷ್ಯಋಣದಲ್ಲಿ ನಮಗೂ ಪಾಲುಂಟು. ಕಾರ್ಟರನ ಚಿತ್ರವನ್ನು ನೋಡಿ ಮಗುವಿನ ಗತಿ ಏನಾಯಿತೆಂದು ಕೇಳಿದವರು ಸಾಮಾನ್ಯ ಓದುಗರೇ. ಪತ್ರಿಕೆಯ ಬಾಯಿಂದ ಉತ್ತರ ಹೊರಡಿಸಿದ್ದು ಅವರ ಪ್ರಶ್ನೆ. ವರ್ಷಕ್ಕೊಮ್ಮೆಯಾದರೂ ಹಳೆಯ ಒಂದು ಸುದ್ದಿಯನ್ನು ಹಿಡಿದು, ಆ ಜನರು ಈಗ ಹೇಗಿದ್ದಾರೆ ಎಂದು ಸಂಪಾದಕರಿಗೆ ನಾವು ಬರೆದು ಕೇಳಿದರೆ, ಪತ್ರಿಕೆಗಳಿಗೆ ಹಿಂತಿರುಗಿ ಹೋಗುವ ಅಭ್ಯಾಸವು ತಾನಾಗಿ ಬಂದೀತು.